ಗಡಿಬಿಡಿ ಮಲಗಿದ ವಾರ

"ಬೇಲಿ ಹಾಕಿದ್ದು ನೀವೇನಾ?"

ಗೇಟಿನ ಆಚೆ ನಿಂತಿದ್ದವನು ಹೌದೆಂದು ತಲೆಯಾಡಿಸಿದ. ಪಾಪ, ಮರೆತು ಹೋಗಿದ್ದ ಇಕ್ಕಳ ಕೇಳಲು ಬಂದಿದ್ದ. ಹೋದ ವಾರ ಅವನು ಹಿತ್ತಲಿಗೆ ತಂತಿಬೇಲಿ ಹಾಕುವಾಗ ಮನೆಯಲ್ಲಿದ್ದದ್ದು ಅಪ್ಪ ಒಬ್ಬರೇ. ಅವಳು ಅವನನ್ನು ನೋಡುತ್ತಿರುವುದು ಇದೇ ಮೊದಲು.

ಅವಳ ಕೈಯಲ್ಲಿ ಟವೆಲು. ಟವೆಲಿನೊಳಗೆ ಬಾತುಕೋಳಿ. ಅದರ ಕತ್ತು ಒದ್ದೆ ಬಟ್ಟೆಯಂತೆ ಮೊಣಕೈ ಮೇಲೆ ಜೋತುಬಿದ್ದಿತ್ತು.

"ಹೋದ ವಾರ ಬೇಲಿ, ಈ ವಾರ ಇದು! ನಿಮ್ಮ ತಂತಿ ಚೂರು ತಿಂದಿದೆ. ನೋಡಿ... ಇದನ್ನ ನೋಡಿ!"

"ನಾನು ಅಯಸ್ಕಾಂತ ಹಿಡಿದು ನೆಲ ಎಲ್ಲಾ ಹುಡುಕಿ, ಚೂರುಗಳನ್ನ..."

"ಕತೆ ಹೇಳಬೇಡಿ!"

ಅವನು ವಾದಕ್ಕೆ ನಿಲ್ಲಲಿಲ್ಲ. ವ್ಯಾನಿನ ಬಾಗಿಲು ತೆಗೆದ.

"ಹತ್ತಿ. ಬೈಯೋದನ್ನ ದಾರೀಲಿ ಬೈಯಿರಿ."

ಬೈದಳು. ಆಸ್ಪತ್ರೆ ಬರುವವರೆಗೂ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಹೊಟ್ಟೆಯ ಜಾಗದಲ್ಲಿ ಒಂದು ಬಿಳಿ ಚುಕ್ಕಿ.

"ಲೋಹ. ಬಾತುಕೋಳಿಗೆ ಹೊಳೆಯೋದೆಲ್ಲ ಕಾಳೇ ಕಣಮ್ಮ. ವಿಷ ರಕ್ತಕ್ಕೆ ಇಳಿದಿದೆ. ಈಗಲೇ ಹೊಟ್ಟೆ ತೊಳೆಯೋಕೆ ಇದಕ್ಕೆ ಶಕ್ತಿ ಇಲ್ಲ. ಐದು ದಿನ, ದಿನಕ್ಕೆ ಎರಡು ಇಂಜೆಕ್ಷನ್. ಬದುಕಿದ್ರೆ ಆರನೇ ದಿನ ತೊಳೆಯೋಣ."

ಬದುಕಿದ್ರೆ!

"ಮನೇಲೇ ಚುಚ್ಚಬಹುದು. ಆದ್ರೆ ಒಬ್ಬರು ಗಟ್ಟಿಯಾಗಿ ಹಿಡ್ಕೋಬೇಕು."

ಅಪ್ಪನ ಕೈ ನಡುಗುತ್ತದೆ. ಬೇರೆ ಯಾರಿದ್ದಾರೆ?

"ನಾನು ಬರ್ತೀನಿ," ಅಂದ ಬೇಲಿಯವನು.

ಬಂದ. ಬೆಳಿಗ್ಗೆ ಕೆಲಸಕ್ಕೆ ಮೊದಲು, ಸಂಜೆ ಕೆಲಸ ಮುಗಿಸಿ. ಬಚ್ಚಲುಮನೆಯ ನೆಲಕ್ಕೆ ಹಳೇ ಚಾದರ ಹಾಸಿ ಬಾತುಕೋಳಿಯನ್ನು ಮಲಗಿಸಿದ್ದಳು. ಮೂರು ಹೊತ್ತೂ ಓಡಾಡುವ ಇದಕ್ಕೆ ಗಡಿಬಿಡಿ ಅಂತ ಹೆಸರಿಟ್ಟಿದ್ದು ಅಪ್ಪ. ಈಗ ಅದು ಅಲ್ಲಾಡದೆ ಬಿದ್ದಿತ್ತು. ಇದರ ಜೋಡಿ ಬಾಗಿಲ ಹೊರಗೆ ನಿಂತು ದಿನವಿಡೀ ಕೂಗುತ್ತಿತ್ತು.

ಅವನು ರೆಕ್ಕೆಗಳನ್ನು ಎದೆಗೊತ್ತಿ ಹಿಡಿಯುತ್ತಿದ್ದ. ಅವಳು ಚುಚ್ಚುತ್ತಿದ್ದಳು. ಆಮೇಲೆ ಕೊಕ್ಕಿನ ಬದಿಯಿಂದ ಹನಿಹನಿಯಾಗಿ ನೀರು. ಉಸಿರಿಗೆ ಹೋದರೆ ಅಲ್ಲಿಗೆ ಮುಗಿಯಿತು... ಪ್ರತಿ ಹನಿಗೂ ಅವಳೇ ಉಸಿರು ಹಿಡಿಯುತ್ತಿದ್ದಳು.

"ನಿಧಾನ," ಎನ್ನುತ್ತಿದ್ದ ಅವನು.

"ನನಗೆ ಗೊತ್ತು."

ಎರಡನೇ ದಿನ ಹಿಕ್ಕೆ ಕಡುಹಸಿರು. ಮೂರನೇ ದಿನ ಫಿಟ್ಸ್ ಬಂತು. ಅದರ ಕಾಲು ಗಾಳಿಯಲ್ಲಿ ಈಜುತ್ತಿದ್ದರೆ ಅವಳು ಗೋಡೆಗೆ ಮುಖ ಮಾಡಿ ನಿಂತಳು.

"ನಿಂತಿದೆ. ತಿರುಗಿ ನೋಡಿ... ಉಸಿರಾಡ್ತಿದೆ."

ಆ ದನಿಗೆ ಅವಳ ಎದೆ ಯಾಕೆ ಹಗುರಾಗಬೇಕು? 'ಇಷ್ಟಕ್ಕೆಲ್ಲ ಕಾರಣ ಇವನೇ. ಮರೀಬೇಡ,' ಎಂದು ತನ್ನನ್ನೇ ಗದರಿಕೊಂಡಳು. ಆದರೂ ನಾಲ್ಕನೇ ಸಂಜೆ ವ್ಯಾನಿನ ಸದ್ದು ತಡವಾದಾಗ ಅವಳು ತುಳಿಯುತ್ತಿದ್ದ ಹೊಲಿಗೆ ಯಂತ್ರ ತಾನಾಗಿ ನಿಂತಿತು.

"ಬಾತುಕೋಳಿ ಕತ್ತು ಎತ್ತಲಿಲ್ಲ," ಎಂದರು ಅಪ್ಪ ಪೇಪರಿನ ಹಿಂದಿನಿಂದ. "ನೀನು ಎತ್ತೋಕೆ ಶುರು ಮಾಡಿದೆ, ಬಾಗಿಲ ಕಡೆ!"

"ಸುಮ್ನಿರಪ್ಪ!"

ಆರನೇ ದಿನ ಗಡಿಬಿಡಿ ಬದುಕಿತ್ತು.

ಡಾಕ್ಟರಮ್ಮ ಮಂಪರು ಕೊಟ್ಟು, ಕೊಳವೆ ಇಳಿಸಿ, ಹೊಟ್ಟೆ ತೊಳೆದರು. ಕೊನೆಗೆ ಸ್ಟೀಲಿನ ಬಟ್ಟಲಲ್ಲಿ ಠಣ್ ಎಂದಿತು.

"ಬಂತು! ಬದುಕ್ಕೊಳ್ಳುತ್ತೆ ಬಿಡಿ. ಕತ್ತು ನೆಟ್ಟಗಾಗೋಕೆ ಒಂದು ತಿಂಗಳು ಬೇಕು."

ಅವಳು ಬಗ್ಗಿ ನೋಡಿದಳು. ತಂತಿಯಲ್ಲ.

ಹುಕ್ಕು. ರವಿಕೆಗೆ ಹಾಕುವ ಪುಟ್ಟ ಹುಕ್ಕು, ಬುಡದಲ್ಲಿ ನೀಲಿ ದಾರದ ಎಳೆ.

ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಗಿರಾಕಿಗಳ ಹಳೇ ಬಟ್ಟೆಯ ಹೊಲಿಗೆ ಬಿಚ್ಚುವುದು ಅವಳ ರೂಢಿ. ಬಾತುಕೋಳಿಗಳು ಪಾದದ ಸುತ್ತ ಸುತ್ತುತ್ತಿದ್ದವು. ಎದ್ದಾಗ ಮಡಿಲು ಕೊಡವುತ್ತಿದ್ದಳು. ದಿನಾ...

ಬೇಲಿಯವನು ಬಟ್ಟಲು ನೋಡಿದ. ನೋಡದವನಂತೆ ಕಿಟಕಿಯ ಕಡೆ ತಿರುಗಿಕೊಂಡ.

ವ್ಯಾನಿನಲ್ಲಿ ಅವಳು ಗಡಿಬಿಡಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಹೇಳಿಬಿಟ್ಟರೆ ಇವನಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಹೇಳದಿದ್ದರೆ... ಛೆ, ಎಂಥ ಹೆಂಗಸು ನಾನು!

ಮನೆ ಬಂತು. ಅವಳು ಇಳಿಯಲಿಲ್ಲ.

"ಅದು ನನ್ನ ಹುಕ್ಕು."

"ಹ್ಞೂಂ."

"ಆರು ದಿನ ನಿಮ್ಮನ್ನ ಕೊಲೆಗಾರನ ಹಾಗೆ ನೋಡಿದೆ. ನೀವು ಯಾಕೆ ಒಂದು ಮಾತೂ ಆಡ್ಲಿಲ್ಲ?"

"ನನಗೂ ಖಾತ್ರಿ ಇರ್ಲಿಲ್ಲ. ಒಂದು ಚೂರು ಕಣ್ತಪ್ಪಿತ್ತೇನೋ ಅಂತ ನಿದ್ದೆ ಬರ್ತಿರ್ಲಿಲ್ಲ."

"ಅಂದ್ರೆ... ತಪ್ಪಾಯ್ತು ಅಂತ ಬರ್ತಿದ್ರಿ. ಅಷ್ಟೇ ಅಲ್ವಾ?"

"ಮೊದಲ ಎರಡು ದಿನ."

"ಆಮೇಲೆ?"

ಅವನು ಸ್ಟೀರಿಂಗಿನ ಮೇಲಿನ ಬೆರಳುಗಳನ್ನೇ ನೋಡಿದ.

"ಆಮೇಲೆ ನೀವು ಬೈಯೋದು ಕಮ್ಮಿ ಮಾಡಿದ್ರಿ. ನನಗೆ ಭಯ ಶುರುವಾಯ್ತು. ಕೋಪಾನೂ ಹೋದ್ರೆ ಇವರಿಗೆ ನಾನು ಯಾರು ಅಂತ."

ಅವಳ ಕಣ್ಣು ತುಂಬಿತು. ನಗುವೂ ಬಂತು.

"ಬಾತುಕೋಳಿಗಿಂತ ಪೆದ್ದು ನೀವು."

"ಹಾಗಾದ್ರೆ... ನಾಳೆ ಬರ್ಲಾ?"

"ಈಗ ಹೋದ್ರೆ ತಾನೇ ನಾಳೆ ಬರೋದು?"

ಅವನು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.