ಅಡುಗೆಮನೆ ಕಿಟಕಿಯಲ್ಲಿ ಕಂಡ ಟೋಪಿ

"ಇನ್ನೂ ಸ್ವಲ್ಪ ನಡುಗೇ," ಎಂದು ಪೊದೆಯ ಹಿಂದಿನಿಂದ ಕರ್ಟ್ ಪಿಸುಗುಟ್ಟಿದ. "ಹಿಂಗೆ ಕಂಬದ ಥರ ಕೂತ್ರೆ ಯಾರು ನಂಬ್ತಾರೆ?"

ಬೆರಿಟ್ ನಡುಗಲು ನೋಡಿದಳು. ಆಗಸ್ಟ್ ತಿಂಗಳ ಸಂಜೆ. ಊಟ ಮುಗಿದಿದ್ದರೂ ಬಿಸಿಲು ಇನ್ನೂ ಮರಗಳ ತುದಿಯಲ್ಲೇ ಇತ್ತು. ಅಮೆರಿಕದ ಮಿನೆಸೋಟದ ಸೊಳ್ಳೆಗಳು ಅವಳ ಕಾಲಿಗೆ ಮುತ್ತಿಕೊಂಡಿದ್ದವು. ಹೆದರಿಕೆ ಮಾತ್ರ ಬರಲೇ ಇಲ್ಲ. ತನ್ನದೇ ಮನೆಯ ಹಿತ್ತಲ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಕೇಕಿನ ತಟ್ಟೆ ಇಟ್ಟುಕೊಂಡು ಕೂತವಳಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಆದರೆ ಅವಳ ಪಾರ್ಟೇ ಅದಾಗಿತ್ತು.

ಶನಿವಾರ ಬೆಳಿಗ್ಗೆ ಟಿವಿಯಲ್ಲಿ ಬರುವ ಪತ್ತೇದಾರಿ ಕಾರ್ಟೂನನ್ನು ಬಿಟ್ಟ ಮಕ್ಕಳು ಆ ಬೀದಿಯಲ್ಲಿ ಇರಲಿಲ್ಲ. ಅದರಲ್ಲಿ ಒಂದು ಟೀಮ್. ಒಬ್ಬ ಲೀಡರ್, ಗಲ್ಲ ಎತ್ತಿ ನಿಂತು ಎಲ್ಲರಿಗೂ ಕೆಲಸ ಹಂಚುತ್ತಾನೆ. ಒಬ್ಬಳು ಕನ್ನಡಕದ ಜಾಣೆ. ಇನ್ನೊಬ್ಬ ಹೊಟ್ಟೆಬಾಕ, ಜೊತೆಗೆ ಪುಕ್ಕಲ. ತಿನ್ನುವುದು, ನಡುಗುವುದು, ಕಿರುಚಿ ಓಡುವುದು, ಇಷ್ಟೇ ಅವನ ಕೆಲಸ. ಇವರ ಹಿಂದೆ ಒಂದು ನಾಯಿ. ಕೊನೆಗೆ ಊರಿನವರೆಲ್ಲರ ಮುಂದೆ ದೆವ್ವದ ಮುಖವಾಡ ಕಿತ್ತರೆ, ಒಳಗೆ ಇರುವವನು ಒಬ್ಬ ಸಿಡುಕು ಮುದುಕ. ಪ್ರತಿ ವಾರವೂ ಹಾಗೇ. ಮುದುಕರು ಬದಲಾಗುತ್ತಿದ್ದರು, ಸಿಡುಕು ಬದಲಾಗುತ್ತಿರಲಿಲ್ಲ.

ಕರ್ಟ್‌ನ ಮನೆಯಲ್ಲಿ ಕಲರ್ ಟಿವಿ ಇತ್ತು. ಹಾಗಾಗಿ ಅವನು ಲೀಡರ್. ಆರ್ಲೀನ್‌ಗೆ ಕನ್ನಡಕ ಇತ್ತು. ಹಾಗಾಗಿ ಅವಳು ಜಾಣೆ. ಲೆಕ್ಕದ ಟೆಸ್ಟಿನಲ್ಲಿ ಅವಳಿಗೆ ಎಷ್ಟು ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಕರ್ಟ್‌ನ ನಾಯಿ ಮಲಗಿದ ಕಡೆಯಿಂದ ಏಳುವುದೇ ಅಪರೂಪ. ಆದರೂ ನಾಯಿಯ ಪಾರ್ಟಿಗೆ ಅದು ಸಾಕಿತ್ತು. ಉಳಿದವಳು ಬೆರಿಟ್. ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆದಾಗಲೆಲ್ಲ ಅವಳು ಪ್ರತಿ ಮನೆಯವರು ತಂದ ಅಡುಗೆಯನ್ನೂ ಬಡಿಸಿಕೊಂಡು ತಿನ್ನುವುದನ್ನು ಕರ್ಟ್ ನೋಡಿದ್ದ. "ನೀನೇ ತಿಂಡಿಪೋತಿ ಪುಕ್ಕಲಿ," ಎಂದು ತೀರ್ಮಾನ ಕೊಟ್ಟುಬಿಟ್ಟಿದ್ದ.

ಬೆರಿಟ್‌ಗೆ ಅದು ಚೂರೂ ಇಷ್ಟವಿರಲಿಲ್ಲ. ಆದರೆ ಆ ಬೀದಿಯಲ್ಲಿ ಅವಳ ವಯಸ್ಸಿನವರು ಇದ್ದದ್ದೇ ಇವರಿಬ್ಬರು. ಹೋದ ವರ್ಷ ಈ ಊರಿಗೆ ಬಂದ ಹೊಸತರಲ್ಲಿ ಬೇಸಿಗೆಯಿಡೀ ಒಬ್ಬಳೇ ಕುಂಟಾಬಿಲ್ಲೆ ಆಡಿದ್ದಳು. ತಾನೇ ಬಿಲ್ಲೆ ಎಸೆದು, ತಾನೇ ಗೆದ್ದು, ತಾನೇ ಸೋತಿದ್ದಳು. ಅದಕ್ಕಿಂತ ಪುಕ್ಕಲಿಯಾಗುವುದೇ ವಾಸಿ ಎನಿಸಿತ್ತು.

ಈಗ ಟೀಮಿಗೆ ನಿಜವಾದ ಕೇಸ್ ಸಿಕ್ಕಿತ್ತು. ಸಂಜೆ ಹೊತ್ತು ಯಾರೋ ಮನೆಮನೆಯ ಅಡುಗೆಮನೆಯ ಕಿಟಕಿಯಲ್ಲಿ ಇಣುಕುತ್ತಿದ್ದರು. ಪಕ್ಕದ ಮನೆಯ ಮಿಸೆಸ್ ಆಮುಂಡ್ಸನ್ ಪಾತ್ರೆ ತೊಳೆಯುತ್ತ ತಲೆ ಎತ್ತಿದರೆ ಗಾಜಿನಾಚೆ ಒಂದು ಟೋಪಿ! ಆರ್ಲೀನಳ ಅಮ್ಮನಿಗೂ ಅದೇ ಟೋಪಿ ಕಂಡಿತ್ತು. ಬೀದಿಯವರು ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕತೊಡಗಿದ್ದರು. ಪೊಲೀಸರಿಗೆ ಹೇಳುವ ಮಾತೂ ಎದ್ದಿತ್ತು.

ಯಾರೆಂದು ಕರ್ಟ್‌ಗೆ ಆಗಲೇ ಗೊತ್ತಿತ್ತು. ಮೂಲೆಮನೆಯ ಮಿಸ್ಟರ್ ಟೋರ್ವಿಕ್. ಒಂಟಿ ಮುದುಕ, ಯಾರೊಂದಿಗೂ ಮಾತಿಲ್ಲ, ಟೊಮೇಟೊ ಪಾತಿ ತುಳಿದರೆಂದು ಒಮ್ಮೆ ಇವರನ್ನೆಲ್ಲ ಅಟ್ಟಿಸಿಕೊಂಡು ಬಂದವರು.

"ಚರ್ಚ್ ಹತ್ರ ಎಲ್ಲರೂ ಟೋಪಿ ವಿಷಯ ಮಾತಾಡ್ತಿದ್ರಲ್ಲ, ಅವ್ರು ತಕ್ಷಣ ಟೋಪಿ ತೆಗೆದು ಬೆನ್ನ ಹಿಂದೆ ಇಟ್ಕೊಂಡ್ರು," ಎಂದಿದ್ದ ಕರ್ಟ್. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ."

ಪ್ಲಾನ್ ಕೂಡ ಅವನದೇ. ಬೆರಿಟ್ ಕೇಕ್ ತಿನ್ನುತ್ತ ಮೆಟ್ಟಿಲ ಮೇಲೆ ಕೂರಬೇಕು. ಟೋಪಿ ಕಂಡ ಕೂಡಲೇ ಕಿರುಚಬೇಕು. ಕರ್ಟ್ ವಾಲಿಬಾಲ್ ನೆಟ್ ಬೀಸುತ್ತಾನೆ, ಆರ್ಲೀನ್ ಫ್ಲ್ಯಾಶ್ ಹಾಕಿ ಫೋಟೋ ಹೊಡೆಯುತ್ತಾಳೆ. ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿ ಕುಡಿಯುವಾಗ ಆ ಫೋಟೋ ಕೈಯಿಂದ ಕೈಗೆ ಹೋಗಬೇಕು.

ಬೇಲಿಯ ಪಕ್ಕದ ಹುಲ್ಲು ಸರಸರ ಎಂದಿತು. ಟೋಪಿ ಬಂತು.

ಮಿಸ್ಟರ್ ಟೋರ್ವಿಕ್ಕೇ. ಅವರು ಬೆರಿಟ್‌ಳನ್ನು ನೋಡಲಿಲ್ಲ. ನೇರ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತರು. ಒಳಗಿನ ಶೆಲ್ಫನ್ನು ನೋಡಿದರು. ಆಮೇಲೆ ತಲೆ ಬಗ್ಗಿಸಿ, ಎದೆಗೆ ಅವಚಿಕೊಂಡಿದ್ದ ಏನನ್ನೋ ನೋಡಿದರು. ಮತ್ತೆ ಶೆಲ್ಫನ್ನು ನೋಡಿದರು.

"ಕಿರುಚೇ!" ಎಂದಿತು ಪೊದೆ.

ಬೆರಿಟ್ ಬಾಯಿ ತೆರೆದಳು. ಅಷ್ಟರಲ್ಲಿ ಅವರ ಕೈಯಲ್ಲಿದ್ದದ್ದು ಕಂಡಿತು. ಬಿಳಿ ಗಾಜಿನ ಪಾತ್ರೆ, ಅಂಚಿನಲ್ಲಿ ಗೋಧಿ ತೆನೆಯ ಚಿತ್ರ, ಒಂದು ಕಿವಿ ಸ್ವಲ್ಪ ಮುಕ್ಕಾಗಿತ್ತು. ಆ ಮುಕ್ಕು ಅವಳಿಗೆ ಚೆನ್ನಾಗಿ ಗೊತ್ತು. ಪ್ರತಿ ಸಲ ಚರ್ಚಿನ ಊಟದಲ್ಲಿ ಆ ಪಾತ್ರೆಯಿಂದಲೇ ಅವಳು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು.

ಮೇ ತಿಂಗಳಲ್ಲಿ ಮಿಸೆಸ್ ಟೋರ್ವಿಕ್ ತೀರಿಕೊಂಡಾಗ ಬೀದಿಯ ಎಲ್ಲ ಮನೆಗಳಿಂದಲೂ ಇವರ ಮನೆಗೆ ಅಡುಗೆ ಹೋಗಿತ್ತು. ಸಾವಿನ ಮನೆಗೆ ಹಾಗೇ ತಾನೇ ಮಾಡುವುದು? ಪಾತ್ರೆಯ ಅಡಿಗೆ ಟೇಪ್ ಅಂಟಿಸಿ ಹೆಸರು ಬರೆದು ಕೊಟ್ಟು ಬರುತ್ತಾರೆ. ಬೆರಿಟ್‌ಳ ಅಮ್ಮನೂ ಕೊಟ್ಟಿದ್ದರು.

ಬೆರಿಟ್ ಕಿರುಚಲಿಲ್ಲ.

"ಅದು ನಮ್ಮನೇದಲ್ಲ, ಮಿಸ್ಟರ್ ಟೋರ್ವಿಕ್," ಎಂದಳು. "ಮಿಸೆಸ್ ಆಮುಂಡ್ಸನ್ ಅವ್ರದ್ದು. ಅದ್ರಲ್ಲಿ ಅವ್ರು ಕೋಳಿ, ಅಕ್ಕಿ ಹಾಕಿ ಬೇಯಿಸ್ತಾರೆ."

ಮುದುಕರು ಬೆಚ್ಚಿ ತಿರುಗಿದರು. ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಅವರ ಮುಖ ಕೆಂಪಾಗಿತ್ತು.

"ಬಿಸಿನೀರಲ್ಲಿ ನೆನೆಹಾಕಿಬಿಟ್ಟೆ," ಎಂದರು ನಿಧಾನವಾಗಿ. "ಟೇಪೆಲ್ಲ ಎದ್ದುಬಂತು. ಟೇಬಲ್ ತುಂಬ ಪಾತ್ರೆ. ಯಾವುದು ಯಾರದ್ದೋ ಗೊತ್ತಾಗ್ತಿಲ್ಲ."

"ಕೇಳಿದ್ರೆ ಹೇಳ್ತಿದ್ರಲ್ಲ?"

"ಹೇಗಮ್ಮ ಕೇಳೋದು? ಅಷ್ಟು ಜನ ಬಾಗಿಲಿಗೆ ಬಂದು ಕೊಟ್ಟು ಹೋದ್ರು. ಆ ವಾರ ಯಾರ ಮುಖವೂ ನೆನಪಿಲ್ಲ ನನಗೆ. ಅದನ್ನ ಅವ್ರಿಗೇ ಹೋಗಿ ಹೇಳ್ಲಾ?"

ಅದಕ್ಕೇ ಅವರು ಕಿಟಕಿಗಳಲ್ಲಿ ನೋಡುತ್ತ ತಿರುಗುತ್ತಿದ್ದರು. ಯಾರ ಶೆಲ್ಫಿನಲ್ಲಿ ಇದರ ಜೊತೆಯ ತಟ್ಟೆಗಳಿವೆ ಎಂದು ಹುಡುಕುತ್ತಿದ್ದರು. ಬೆರಿಟ್‌ಗೆ ಇವರ ಮೇಲೆ ಬಲೆ ಬೀಸಲು ತಾನೂ ಒಪ್ಪಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಪೊದೆಯಿಂದ ಕರ್ಟ್ ಹೊರಬಂದ. ಹೆಗಲ ಮೇಲೆ ನೆಟ್, ಹಿಂದೆ ಕ್ಯಾಮೆರಾ ಹಿಡಿದ ಆರ್ಲೀನ್. ಮಿಸ್ಟರ್ ಟೋರ್ವಿಕ್ ನೆಟ್ ನೋಡಿದರು, ಕ್ಯಾಮೆರಾ ನೋಡಿದರು. ಎಲ್ಲ ಅರ್ಥವಾಗಿ ತಲೆ ತಗ್ಗಿಸಿದರು.

"ಆದ್ರೂ ಇಣುಕಿದ್ದು ಇವ್ರೇ ತಾನೆ?" ಎಂದ ಕರ್ಟ್. "ಆರ್ಲೀನ್, ಫೋಟೋ ತೆಗಿ."

ಬೆರಿಟ್ ತಟ್ಟೆ ಕೆಳಗಿಟ್ಟು ಎದ್ದು, ಮಿಸ್ಟರ್ ಟೋರ್ವಿಕ್ ಮುಂದೆ ಹೋಗಿ ನಿಂತಳು. "ಬೇಡ ಕಣೇ," ಎಂದಳು ಆರ್ಲೀನ್‌ಗೆ.

"ನಿನ್ನ ಪಾರ್ಟ್ ಇದಲ್ಲ," ಎಂದ ಕರ್ಟ್. "ಟೀಮಿಂದ ತೆಗೆದುಹಾಕ್ತೀನಿ ನೋಡು."

"ತೆಗಿ," ಎಂದಳು ಬೆರಿಟ್.

ಹೇಳಿದ ಮೇಲೆ ಅವಳ ಕಾಲು ನಿಜಕ್ಕೂ ನಡುಗಿತು. ಆರ್ಲೀನ್ ಇಬ್ಬರ ಮುಖವನ್ನೂ ನೋಡಿ ಕ್ಯಾಮೆರಾ ಕೆಳಗಿಳಿಸಿದಳು.

ರಾತ್ರಿ ಬೆರಿಟ್ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ, ಬೆಳಿಗ್ಗೆ ಎದ್ದು ಹೋಗಿ ಅವರಿಗೆ ಸಹಾಯ ಮಾಡು ಎಂದರು. ಟೋಪಿಯ ಮಾತನ್ನು ಬೀದಿಯವರ ಹತ್ತಿರ ತಾನೇ ಸರಿಮಾಡುತ್ತೇನೆ ಎಂದೂ ಹೇಳಿದರು. ಆದರೆ ಬೆರಿಟ್‌ಗೆ ನಿದ್ದೆ ಹತ್ತಲಿಲ್ಲ. ಮತ್ತೆ ಒಬ್ಬಳೇ ಬಿಲ್ಲೆ ಎಸೆಯುವ ದಿನಗಳು ಕಣ್ಣ ಮುಂದೆ ಬಂದವು.

ಬೆಳಿಗ್ಗೆ ಮೂಲೆಮನೆಯ ಅಡುಗೆಮನೆಯಲ್ಲಿ ಅವಳು ಪಾತ್ರೆಗಳ ಸಾಲಿನ ಮುಂದೆ ನಿಂತಳು. ನೀಲಿ ಹೂವಿನದು ಪಾದ್ರಿಗಳ ಮನೆಯದು, ಅದರಲ್ಲಿ ಬರುವುದು ಬೀನ್ಸ್. ಹಸಿರು ಮುಚ್ಚಳದ್ದು ಆರ್ಲೀನಳ ಅಮ್ಮನದು, ಅದರಲ್ಲಿ ಮಾಡುವ ಮೀನಿನ ನೂಡಲ್ಸಿಗೆ ಉಪ್ಪು ಯಾವಾಗಲೂ ಜಾಸ್ತಿ. ತಿಂದವಳಿಗೇ ಗೊತ್ತು ರುಚಿ. ಪಟಪಟನೆ ಹೇಳಿದಳು. ಮಿಸ್ಟರ್ ಟೋರ್ವಿಕ್ ಹೊಸ ಟೇಪಿನ ಮೇಲೆ ಹೆಸರು ಬರೆದು ಅಂಟಿಸಿದರು. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂದು ಹೆಂಡತಿ ಹೇಳುತ್ತಿದ್ದಳಂತೆ. ಅವಳು ನೆಟ್ಟ ಪಾತಿಯ ಟೊಮೇಟೊಗಳನ್ನು ಒಂದೊಂದರಲ್ಲೂ ತುಂಬಿದರು.

ಬಾಗಿಲಲ್ಲಿ ಗಡಗಡ ಸದ್ದಾಯಿತು. ಕರ್ಟ್ ತನ್ನ ಕೆಂಪು ಎಳೆಗಾಡಿ ತಂದಿದ್ದ. ಆರ್ಲೀನ್ ಹಿಂದಿದ್ದಳು.

"ಅಷ್ಟೊಂದು ಪಾತ್ರೆ ಕೈಯಲ್ಲಿ ಹೊರೋಕಾಗಲ್ಲ," ಎಂದ ಕರ್ಟ್, ಬೆರಿಟ್‌ಳನ್ನು ನೋಡದೆ.

ಬೆರಿಟ್‌ಗೆ ತುಂಬ ಸಂತೋಷವಾಯಿತು. ಎಲ್ಲರೂ ಸೇರಿ ಪಾತ್ರೆಗಳನ್ನು ಗಾಡಿಗೆ ತುಂಬಿದರು. ಟೇಬಲ್ ಮೇಲೆ ಒಂದು ಉಳಿಯಿತು. ಹಳದಿ ಬಣ್ಣದ್ದು, ಆಳವಾದದ್ದು, ಒಳಗೆಲ್ಲ ಸವೆದದ್ದು.

"ಇದು?" ಎಂದರು ಮಿಸ್ಟರ್ ಟೋರ್ವಿಕ್, ಅದನ್ನು ತಿರುಗಿಸಿ ಅಡಿ ನೋಡುತ್ತ. "ಇದ್ರಲ್ಲಿ ಯಾರು ಏನು ತಂದ್ರೋ."

ಬೆರಿಟ್ ಬಾಯಿ ತೆರೆದಳು. ಕರ್ಟ್, ಆರ್ಲೀನ್ ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಮುದುಕರು ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

"ಗೊತ್ತಾಗ್ತಿಲ್ಲ," ಎಂದಳು ಬೆರಿಟ್.

"ಅಂತೂ ನಿಂಗೂ ಒಂದು ಗೊತ್ತಾಗ್ಲಿಲ್ಲ," ಎಂದ ಕರ್ಟ್. ಅವನಿಗೆ ಸಮಾಧಾನವಾದಂತಿತ್ತು. ಗಾಡಿ ಎಳೆದುಕೊಂಡು ಹೊರಟ. ಆರ್ಲೀನ್ ಪಕ್ಕದಲ್ಲಿ ಮುಚ್ಚಳಗಳನ್ನು ಹಿಡಿದು ನಡೆದಳು.

ಗಾಡಿಯ ಸದ್ದು ಗೇಟು ದಾಟಿತು. ಆಗ ಬೆರಿಟ್ ಮಿಸ್ಟರ್ ಟೋರ್ವಿಕ್ ಹತ್ತಿರ ಹೋದಳು.

"ಅದು ನಿಮ್ಮನೇದೇ," ಎಂದಳು ಮೆಲ್ಲಗೆ. "ಮಿಸೆಸ್ ಟೋರ್ವಿಕ್ ಚರ್ಚಿನ ಊಟಕ್ಕೆ ಅದ್ರಲ್ಲಿ ಆಲೂಗಡ್ಡೆ ತರ್ತಿದ್ರು. ಮೇಲೆ ಕೆನೆ ಹಾಕಿ ಕೆಂಪಗೆ ಬೇಯಿಸಿರ್ತಿದ್ರು."

ಮಿಸ್ಟರ್ ಟೋರ್ವಿಕ್ ಪಾತ್ರೆಯನ್ನು ನೋಡಿದರು. ಅದರ ಒಳಗೆ ಕೈಯಿಟ್ಟು, ಸವೆದ ತಳವನ್ನು ಮುಟ್ಟಿದರು.

"ಇದನ್ನ ಖಾಲಿಯಾಗಿ ನೋಡೇ ಇರ್ಲಿಲ್ಲ ನಾನು," ಎಂದರು. ಹಾಗೇ ಕುರ್ಚಿಯಲ್ಲಿ ಕೂತುಬಿಟ್ಟರು.

ರಸ್ತೆಯಿಂದ ಕರ್ಟ್ ಅವಳ ಹೆಸರು ಹಿಡಿದು ಕರೆಯುತ್ತಿದ್ದ, ಮೊದಲು ಯಾರ ಮನೆ ಎಂದು ಕೇಳುತ್ತಿದ್ದ. ಸ್ವಲ್ಪ ಹೊತ್ತು ಕಾಯಲಿ ಎಂದುಕೊಂಡ ಬೆರಿಟ್, ಇನ್ನೊಂದು ಕುರ್ಚಿ ಎಳೆದು ಅವರ ಎದುರು ಕೂತಳು.