ಧೂಳು ಕೂರದ ಕೋಣೆ

ಚಂದಮ್ಮ ನಮ್ಮ ಅಂಗಡಿಗೆ ನುಗ್ಗಿದ ರಭಸಕ್ಕೆ ಆಳಂದದ ಅರ್ಧ ಕರೆಂಟು ಹೋಯಿತು. ಉಳಿದರ್ಧ ಮೊದಲೇ ಹೋಗಿತ್ತು.

“ಬಾಯೋರ, ನನ್ನ ದನಿ ನನ್ನ ಬಿಟ್ಟು ಹೋಗಿ ಕಳವು ಮಾಡ್ಯದ್ರಿ!” ಎಂದು ಅವಳು ನೆಲಕ್ಕೆ ಕುಸಿದಳು.

ಮುಂದೆ ಹೋಗುವ ಮೊದಲು ನಮ್ಮ ಪರಿಚಯ ಹೇಳಿಬಿಡುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಹಸನಸಾಬ ಬಿಚ್ಚದ ಮೊಬೈಲು ಒಂದೂ ಉಳಿದಿಲ್ಲ. ಹಸನಸಾಬ ಎಂದರೆ ನಾನೇ. ನಾನು ಊದಿದರೆ ಸತ್ತ ಫೋನು ಎದ್ದು ಕೂತು ಸಲಾಂ ಹೇಳುತ್ತದೆ. ಆದರೆ ಫೋನು ಬಿಚ್ಚುವುದಷ್ಟೇ ನನ್ನ ಕೆಲಸ, ಮನುಷ್ಯರನ್ನು ಬಿಚ್ಚುವುದು ಪಂಚಶೀಲಾ ಬಾಯಿಯ ಕೆಲಸ. ಮಾತು ಕೇಳುವ ಬೀಗ, ಇಂಟರ್‌ನೆಟ್ಟಿನ ಟಿವಿ, ಫೋನಿನಿಂದ ತಿರುಗುವ ಫ್ಯಾನು ಇಂಥವನ್ನು ಮಾಡುವ ಕಂಪನಿಯೊಂದು ಅವಳಿಗೆ ಸಂಬಳ ಕೊಡುತ್ತದೆ. ಏತಕ್ಕೆ? ಮನೆಮನೆಗೆ ಹೋಗಿ, ಜನರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ ಬರೆದುಕೊಳ್ಳಲಿಕ್ಕೆ. ಜೇವರ್ಗಿಯಲ್ಲಿ ತಾನೇ ಚಾನೆಲ್ ಬದಲಿಸುತ್ತಿದ್ದ ದೆವ್ವದ ಟಿವಿಯ ದೆವ್ವವನ್ನು ಪಕ್ಕದ ಮನೆಯವರ ಫೋನಿನೊಳಗೆ ಹಿಡಿದದ್ದು ಅವಳೇ. ಆ ಕೀರ್ತಿಯಲ್ಲಿ ಮುಕ್ಕಾಲು ಪಾಲು ನನ್ನದು. ಬೈಕು ನನ್ನದಲ್ಲವೇ!

ಪಂಚಶೀಲಾ ನೀರು ಕೊಟ್ಟು, “ಮೊದಲಿಂದ ಹೇಳಬೇ” ಎಂದಳು.

ಚಂದಮ್ಮ ಹತ್ತೊಂಬತ್ತು ವರ್ಷದಿಂದ ಅಫಜಲಪುರದ ನಾಗಣ್ಣ ಸಾವಕಾರರ ಮನೆಯಲ್ಲಿ ಅಡುಗೆಯವಳು. ಸಾವಕಾರರ ಪೂಜೆಯ ಕೋಣೆಗೆ ಮಾತು ಕೇಳುವ ಬೀಗ ಬಂದಿತ್ತು. ಗುರುತಿನ ದನಿಯಲ್ಲಿ ‘ನಾಗಣ್ಣನ ಕೋಣಿ ತೆಗಿ’ ಎಂದರೆ ಬಾಗಿಲು ತೆರೆಯಬೇಕು, ಬೇರೆ ಮಾತಿಗೆ ಅದು ಕಿವುಡು. ಬುಧವಾರ ಅಮಾವಾಸ್ಯೆ. ಚಂದಮ್ಮ ಹಿಂದಿನ ಸಂಜೆಯೇ ಘತ್ತರಗಿಗೆ ಹೋಗಿ ಭಾಗ್ಯವಂತಿಯ ಗುಡಿಯಲ್ಲಿ ಅಕ್ಕನ ಜೊತೆ ಇದ್ದಳು. ಅದೇ ಬುಧವಾರ ಮುಂಜಾನೆ ಹತ್ತು ನಲವತ್ತೆರಡಕ್ಕೆ, ಅಫಜಲಪುರದಲ್ಲಿ, ಚಂದಮ್ಮನ ದನಿಗೆ ಬೀಗ ತೆರೆದಿತ್ತು. ಸಾವಕಾರರ ಮುತ್ತಜ್ಜ ಲಿಂಗ ಇಟ್ಟುಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಮಾಯವಾಗಿತ್ತು.

“ಅಕ್ಕ ಇದ್ದಳು ಅಂದ್ರ, ಅಕ್ಕ ನಿನ್ನ ಕಡಿನೇ ಹೇಳ್ತಾಳ ಅಂತಾರ್ರಿ. ನಾಳಿ ಮುಂಜಾನಿ ಪೊಲೀಸರ ಕೈಗೆ ಕೊಡ್ತಾರಂತ. ಹತ್ತೊಂಬತ್ತ ವರ್ಷ ಉಪ್ಪು ಹಾಕಿದ ಕೈಗೆ ಬೇಡಿ ಬೀಳ್ತದ್ರಿ.”

“ಆ ಮಾತು ನೀ ಯಾವಾಗಾರ ಬಾಯಿಲೆ ಹೇಳಿದ್ದೇನು?”

ಚಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ಭಾಗ್ಯವಂತಿ ಆಣಿ ಮಾಡೇನ್ರಿ. ಬಾಯಿ ಬಿಡಂಗಿಲ್ಲ.”

ಒಂದು ಹೆಂಗಸು ಎರಡು ಊರಲ್ಲಿ! ನನ್ನ ತಲೆ ಅಲ್ಲಿಂದಲೇ ಗಿರಣಿಯಂತೆ ತಿರುಗತೊಡಗಿತು.

ಮೂವರನ್ನು ಹೊತ್ತ ನನ್ನ ಬೈಕು ಗಾಳಿಗೇ ಉಸಿರು ಕಟ್ಟುವಂತೆ ಓಡಿತು. (ದಾರಿಯಲ್ಲಿ ನಾಲ್ಕು ಸಲ ನಿಂತದ್ದು ಗಾಳಿಗೆ ಸುಧಾರಿಸಿಕೊಳ್ಳಲು ಸಮಯ ಕೊಡುವುದಕ್ಕೆ.) ಸಾವಕಾರರು ಚಂದಮ್ಮನನ್ನು ಎಲ್ಲರೆದುರು ಮುಂಬಾಗಿಲಿನಿಂದ ಹೊರಹಾಕಿದ್ದರು. ಅದಕ್ಕೆ ಅವಳು ಹಿತ್ತಲಿನ ಬೇವಿನ ಮರದ ಕೆಳಗೇ ಕೂತಳು.

ನಾಗಣ್ಣ ಸಾವಕಾರರ ಮೀಸೆಯ ಮೇಲೆ ಎರಡು ಗುಬ್ಬಿ ಸಂಸಾರ ಹೂಡಬಹುದಿತ್ತು. ಅವರು ನಮ್ಮನ್ನು ಕೋಣೆಯ ಮುಂದೆ ನಿಲ್ಲಿಸಿ, ಗೋಡೆಯ ಡಬ್ಬಿಗೆ “ನಾಗಣ್ಣನ ಕೋಣಿ ತೆಗಿ!” ಎಂದು ಗುಡುಗಿದರು. ಬಾಗಿಲು ಹೆದರಿ ತೆರೆಯಿತು.

“ಬುಧವಾರದ ತನಕ ಈ ಕೋಣಿಗೆ ನಾ ಬಿಟ್ಟು ಯಾರೂ ಕಾಲಿಟ್ಟಿದ್ದಿಲ್ಲ. ಕಸಬರಿಗಿ ಸುದ್ದಾ ಬಂದಿಲ್ಲ. ಆದ್ರೂ ಹುಡುಕ್ರಿ, ಒಂದು ಕಣ ಧೂಳು ಸಿಗಂಗಿಲ್ಲ. ಪೂಜಾದ ಮಹಿಮಾ!” ಎಂದರು.

ನಾನು ಬೆರಳಿನಿಂದ ಒರೆಸಿ ನೋಡಿದೆ. ಖರೇ. ನಮ್ಮ ಮನೆಯಲ್ಲಿ ಮೂರು ದಿನ ಕಸ ಗುಡಿಸದಿದ್ದರೆ ಜೋಳ ಬಿತ್ತಬಹುದು. ಇಲ್ಲಿ ಕನ್ನಡಿಯಂಥ ನೆಲ. ನಾನು ಭಕ್ತಿಯಿಂದ ಟೊಪ್ಪಿಗೆ ತೆಗೆದೆ, ಮತ್ತೆ ಹಾಕಿಕೊಂಡೆ.

“ಬ್ಯಾರೆಯವರ ದನಿ ಯಾಕ ತುಂಬಿಸೀರಿ ಮತ್ತ?” ಪಂಚಶೀಲಾ ಕೇಳಿದಳು.

“ನಾ ಒಳಗ ಬಿದ್ದು ಗಿದ್ದರ ಯಾರರ ತೆಗೀಬೇಕಲ್ಲ. ಮನಿಯವರೆಲ್ಲರ ದನಿ ತುಂಬಿಸ್ಯಾನ ಸಂಜು.”

ಸಂಜುಕುಮಾರ ಬೀಗ ಕೂಡಿಸಿದ ಹುಡುಗ. ಬುಧವಾರ ಮುಂಜಾನೆ ಬ್ಯಾಟರಿ ಬದಲಿಸಲು ಬಂದಿದ್ದ. ಮನೆಯಲ್ಲಿದ್ದ ಇನ್ನೊಬ್ಬ ಅನೀಲಕುಮಾರ. ತೀರಿಹೋದ ತಮ್ಮನ ಮಗ, ಸಾವಕಾರರೇ ಸಾಕಿದವನು. ಸಾವಕಾರರು ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿ ಸುಮಿತ್ರಾಬಾಯಿ ಸ್ನಾನಕ್ಕೆ ಹೋಗಿದ್ದರು.

“ಕರಡಿಗಿ ಅಂದೋಲಾ ಮಠಕ್ಕ ಒಪ್ಪಸ್ತೇನಿ ಅಂತ ಹೋದ ವಾರನೇ ಎಲ್ಲಾರ ಮುಂದ ಹೇಳಿದ್ದೆ. ಇನ್ನ ಸ್ವಾಮಿಗೋಳಿಗೆ ಯಾವ ಮಾರಿ ತೋರಿಸಲಿ?” ಸಾವಕಾರರ ಮೀಸೆ ಇಳಿಯಿತು.

ಡಬ್ಬಿಯ ಕನ್ನಡಿಯ ಮೇಲೆ ಚಂದಮ್ಮನ ಹೆಸರಿಗೆ ಒಂದೇ ಸಾಲು ಕಾಣುತ್ತಿತ್ತು: ಚಂದಮ್ಮ, ಬುಧವಾರ, ೧೦.೪೨. ಪಂಚಶೀಲಾ ಆ ಹೆಸರನ್ನೇ ಒತ್ತಿದಳು. ಕೆಳಗೆ ಉದ್ದನೆಯ ಪಟ್ಟಿ ಜಾರಿ ಬಂತು.

ಸಾವಕಾರರು ಕರೆಸಿದ್ದ ಸಂಜುಕುಮಾರ ಪಕ್ಕದಲ್ಲೇ ಬೆಚ್ಚಿದ. “ಅಲ್ಲಿ ಒತ್ತಾಕ ಬರ್ತದಂತ ನನಗೂ ಗೊತ್ತಿದ್ದಿಲ್ಲ ಬಿಡ್ರಿ!”

“ಗುಂಡಿ ಗುಂಡಿಯಂಗ ಕಾಣಬೇಕಂತ ಕಂಪನಿಗೆ ನೂರು ಸಲ ಬರದೇನಿ” ಎಂದಳು ಅವಳು.

ಚಂದಮ್ಮನ ದನಿಗೆ ಬಾಗಿಲು ತೆರೆದದ್ದು ಒಂದು ಸಲವಲ್ಲ, ಹದಿಮೂರು ಸಲ! ಹನ್ನೆರಡು ಸೋಮವಾರ, ಒಂದು ಬುಧವಾರ. ಸಾವಕಾರರು ಉರಿದೆದ್ದರು. “ನಾ ಸೋಮವಾರಕ್ಕೊಮ್ಮೆ ಅಂದೋಲಾಕ್ಕ ಹೋದಾಗೆಲ್ಲಾ ಒಳಗ ಹೊಕ್ಕಾಳ!”

ಕೇಳಿದ ಮಾತನ್ನೆಲ್ಲ ಡಬ್ಬಿ ತುಂಬಿಸಿಟ್ಟುಕೊಂಡಿತ್ತು. ಹದಿಮೂರನ್ನೂ ನಾವು ಕೇಳಿದೆವು. ‘ನಾಗಣ್ಣನ ಕೋಣಿ ತೆಗಿ’, ಹಿಂದೆಯೇ ಕುಕ್ಕರಿನ ಸೀಟಿ. ಹದಿಮೂರು ಸಲವೂ ಸೀಟಿ. ಇಷ್ಟು ಶಿಸ್ತಿನ ಕುಕ್ಕರನ್ನು ನಾನು ಮೂರು ತಾಲೂಕಿನಲ್ಲಿ ಕಂಡಿಲ್ಲ. ಇದನ್ನು ಹೇಳಿದ್ದಕ್ಕೆ ಪಂಚಶೀಲಾ, “ಹಸನ ಭಾಯ್, ನೀವು ಒಮ್ಮೊಮ್ಮೆ ಗೊತ್ತಿಲ್ಲದಂಗ ಶಾಣ್ಯಾ ಆಗ್ತೀರಿ” ಎಂದಳು. ನಾನು ಉಬ್ಬಿದೆ. ಯಾಕೆ ಉಬ್ಬಿದೆನೆಂದು ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ಸುಮಿತ್ರಾಬಾಯಿಯೊಬ್ಬರೇ ಇದ್ದರು. ಪಂಚಶೀಲಾ ಮೆಲ್ಲಗೆ ಕೇಳಿದಳು: “ಅವ್ವಾರ, ನಿಮ್ಮ ದನಿನೂ ಬೀಗದಾಗ ಅದ. ನೀವು ಒಮ್ಮೆನೂ ಯಾಕ ತೆಗೀಲಿಲ್ಲ?”

“ಇವರ... ಇವರ ಕೋಣಿ ನಾ ಹೆಂಗ ತೆಗೀಲೆವ್ವ?” ಅವರ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಮಾತು ಮರೆಸಲು ಫೋನು ತೆಗೆದು, “ಪಾಪ, ಆಕಿ ಉಂಡಿಲ್ಲ” ಎನ್ನುತ್ತ ಒಂದು ಬದನೆಕಾಯಿ ಒತ್ತಿದರು. ಅಫಜಲಪುರದಲ್ಲಿ ಬದನೆಕಾಯಿಯೂ ಫೋನು ಎತ್ತುತ್ತದೆಯೇ ಎಂದು ನಾನು ಬಾಯಿ ತೆರೆದೆ. ಹಿತ್ತಲಿನಿಂದ ಚಂದಮ್ಮನ ದನಿ ಬಂತು!

“ನನಗ ಓದಾಕ ಬರಂಗಿಲ್ಲಪ್ಪ. ಹೆಸರಿನ ಜಾಗಾದಾಗ ಮೊಮ್ಮಗಳು ಮೈತ್ರಿ ಚಿತ್ರ ಕೂಡಿಸಿ ಕೊಟ್ಟಾಳ. ಬದನಿಕಾಯಿ ತಿಂದ್ರ ಚಂದಮ್ಮನ ಮೈ ಉಬ್ಬತದ, ಅದಕ ಆಕಿ ಬದನಿಕಾಯಿ. ಇದು ನನಗ, ಮೈತ್ರಿಗಷ್ಟೇ ಗೊತ್ತು” ಎಂದರು ಸುಮಿತ್ರಾಬಾಯಿ.

ಪಂಚಶೀಲಾ ಅವರ ಕೈ ಹಿಡಿದು ಬಾಗಿಲು ಮುಂದೆ ಮಾಡಿದಳು. ಹತ್ತು ನಿಮಿಷ ಒಳಗೆ ಪಿಸುಮಾತು, ಅಳು. ನಾನು ಹೊರಗೆ ನಿಂತು ಕೇಸನ್ನು ಏಳು ಸಲ ಬಗೆಹರಿಸಿದೆ, ಏಳು ಸಲವೂ ಕಳ್ಳ ಬೇರೆ ಬೇರೆ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಪಡಸಾಲೆಗೆ ಬಂದರು. ಪಂಚಶೀಲಾ ಸುಮಿತ್ರಾಬಾಯಿಯ ಫೋನನ್ನು ಮಣೆಯ ಮೇಲಿಟ್ಟಳು.

“ಕಂಪನಿ ಕೆಲಸ ಒಂದು ಬಾಕಿ ಉಳದದ. ಈ ಫೋನಿನಿಂದ ಚಂದಮ್ಮಗ ಫೋನ್ ಹಚ್ಚಬೇಕು. ಹಸನ ಭಾಯ್ ಗಡಿಯಾರ ಹಿಡೀತಾರ. ಎಲ್ಲಾರಿಗಿಂತ ಜಲ್ದಿ ಹಚ್ಚಿದವರಿಗೆ ಹೊಸಾ ಡಬ್ಬಿ ಇನಾಮು. ಆದ್ರ ಈ ಫೋನ್ ಇದಕ್ಕೂ ಮೊದಲ ಮುಟ್ಟಿದವರಿದ್ರ ಹೇಳ್ರಿ, ಅವರಿಗೆ ಆಟ ಇಲ್ಲ.”

“ಹೆಂಗಸರ ಫೋನ್ ನಾ ಯಾಕ ಮುಟ್ಟಲಿ?” ಎಂದರು ಸಾವಕಾರರು. ಸಂಜುಕುಮಾರ ತಲೆಯಾಡಿಸಿದ. ಅನೀಲಕುಮಾರ ನಕ್ಕ. “ದೊಡ್ಡವ್ವನ ಆ ಹಳೇ ಡಬ್ಬಾ? ಕಣ್ಣೆತ್ತಿ ಸುದ್ದಾ ನೋಡಿಲ್ರಿ.”

ಸಾವಕಾರರು ಫೋನು ಹಿಡಿದು ಬೆವರಿದರು. ಒಂದು ಅಕ್ಷರವಿಲ್ಲ, ಮಾವಿನಹಣ್ಣು, ಗಿಳಿ, ಸೈಕಲ್ಲು, ರೊಟ್ಟಿ, ಬದನೆಕಾಯಿ. ಕೊನೆಗೆ ರೊಟ್ಟಿ ಒತ್ತಿದರು. “ಹಿಟ್ಟು ಬೀಸಿ ಇಟ್ಟೇನ್ರಿ ಅವ್ವಾರ, ಒಯ್ರಿ” ಎಂದಿತು ಗಿರಣಿಯವನ ದನಿ.

ಸಂಜುಕುಮಾರ ಜಾಣ. ಮೂರೇ ಸೆಕೆಂಡಿನಲ್ಲಿ ಯೋಚಿಸಿ ಒತ್ತಿದ. ಅದೂ ರೊಟ್ಟಿ. “ಹೇಳಿದೆನಲ್ರಿ, ಒಯ್ರಿ!” ಗಿರಣಿಯವನು ಸಿಟ್ಟಾದ.

“ಎಲ್ಲಾ ಅಡ್ಡಾದಿಡ್ಡಿ ಮಂದಿ! ಕೊಡ್ರಿ ಇಲ್ಲಿ” ಎಂದ ಅನೀಲಕುಮಾರ. ಅವನ ಬೆರಳು ನೇರ ಬದನೆಕಾಯಿಗೆ ಹೋಯಿತು. ಒಂದೂವರೆ ಸೆಕೆಂಡು. ಹಿತ್ತಲಲ್ಲಿ ಚಂದಮ್ಮನ ಫೋನು ಬಾರಿಸಿತು. “ಹಲೋ, ಅವ್ವಾರ?”

ಪಂಚಶೀಲಾ ಅವನ ಕೈಯಿಂದ ಫೋನು ತೆಗೆದುಕೊಂಡಳು.

“ಬಾಯಿ ಸುಳ್ಳು ಹೇಳ್ತದ, ಬೆರಳಿಗೆ ಬರಂಗಿಲ್ಲ” ಎಂದಳು ಪಂಚಶೀಲಾ. “ಸಾವಕಾರ್ರ, ಒಬ್ಬ ಹೆಣ್ಣಮಗಳ ಮಾತಿನ ಹಿಂದ ಹದಿಮೂರು ಸಲ ಅದೇ ಕುಕ್ಕರ್ ಸೀಟಿ ಹೊಡೀತದೇನು? ಅದು ಮಾತಲ್ಲ, ಒಮ್ಮೆ ತುಂಬಿಸಿಟ್ಟ ಮಾತು. ಹಂಗಾರ ತುಂಬಿಸಿಕೊಂಡವರು ಯಾರು? ಸೋಮವಾರ ನೀವಿರಂಗಿಲ್ಲ. ಸೋಮವಾರ ಸೋಮವಾರ ನಿಮ್ಮ ಕೋಣಿ ಧೂಳು ಹೋಗ್ತದ. ಪೂಜಾದ ಮಹಿಮಾ ಅಲ್ರಿ ಅದು, ಅವ್ವಾರ ಸೆರಗು.”

ಸಾವಕಾರರು ಹೆಂಡತಿಯ ಕಡೆ ತಿರುಗಿದರು. ಸುಮಿತ್ರಾಬಾಯಿ ನೆಲ ನೋಡುತ್ತಿದ್ದರು.

“ಬಾಗಿಲಿಗೆ ನಿಮ್ಮ ಹೆಸರಿಟ್ಟೀರಿ. ನಲವತ್ತೆರಡು ವರ್ಷ ಗಂಡನ ಹೆಸರು ಹೇಳದ ಬಾಯಿಗೆ ಅದು ಬಾಗಿಲಲ್ಲ, ಗೋಡಿ. ಅದಕ ಅಡಗಿ ಮಾಡೂವಾಗ ಚಂದಮ್ಮನ ಬಾಯಿಲೆ ಹೇಳಿಸಿ, ದನಿ ಮೆಸೇಜ್ ಮಾಡಿಸಿ ತಮ್ಮ ಫೋನಿಗೆ ತರಿಸಿಕೊಂಡ್ರು. ಬೀಗದ ಮುಂದ ಬದನಿಕಾಯಿ ತೆಗದು ಆ ಮೆಸೇಜ್ ಕೇಳಸೂದು, ಒಳಗ ಹೋಗಿ ಒರಸೂದು, ಬರೂದು. ನಿಮಗ ಗೊತ್ತಾದ್ರ ಸಿಟ್ಟಾಗ್ತೀರಂತ ಚಂದಮ್ಮನ ಕಡೆ ಆಣಿ ಮಾಡಿಸಿದ್ರು. ಆಕಿ ಬೇಡಿಗೆ ಕೈ ಒಡ್ಡಿದಳು, ಆಣಿ ಮುರೀಲಿಲ್ಲ. ಇವತ್ತು ಸಂಜಿಗೆ ಅವ್ವಾರೇ ನನ್ನ ಮುಂದ ಬಾಯಿ ಬಿಟ್ರು.”

“ಬುಧವಾರ?” ಸಾವಕಾರರ ದನಿ ಒಡೆದಿತ್ತು.

“ಅವ್ವಾರು ಸ್ನಾನಕ್ಕ ಹೋದಾಗ ಫೋನ್ ಪಡಸಾಲ್ಯಾಗಿತ್ತು. ಯಾವುದೋ ಸೋಮವಾರ ಕದ್ದು ನೋಡಿದ ಒಬ್ಬರಿಗೆ ಬದನಿಕಾಯಿ ಗುಟ್ಟು ಗೊತ್ತಿತ್ತು. ತನ್ನ ದನಿಲೆ ತೆಗದ್ರ ತನ್ನ ಹೆಸರು ಬರ್ತದಂತ ಆಕಿ ದನಿ ಕೇಳಿಸ್ಯಾನ. ಆದ್ರ ಚಂದಮ್ಮ ಊರಾಗಿಲ್ಲ ಅಂಬೂದು ತಿಳೀಲಿಲ್ಲ. ಅಡಗಿಮನಿ ಕಡೆ ಮಾರಿ ಹಾಕಿದ್ರ ತಾನೆ? ಬೀಗ ಹಾಕಿದ ಸಂಜುಗ ಸುದ್ದಾ ಆ ಚಿತ್ರ ಗೊತ್ತಿಲ್ಲ. ಕಣ್ಣೆತ್ತಿ ನೋಡಿಲ್ಲ ಅಂದವನಿಗೆ ಒಂದೂವರಿ ಸೆಕೆಂಡ್ ಸಾಕಾತು.”

ಅನೀಲಕುಮಾರ ಮೊದಲು ಕೂಗಾಡಿದ, ಆಮೇಲೆ ಕೂತುಬಿಟ್ಟ. “ಮುತ್ತಜ್ಜನದು, ದೊಡ್ಡಪ್ಪ. ಮನ್ಯಾಗಿರೂ ಗಂಡಮಗಾ ನಾನೊಬ್ಬನೇ. ನನ್ನ ಒಂದು ಮಾತು ಕೇಳದ ಮಠಕ್ಕ ಕೊಡ್ತೇನಿ ಅಂದ್ರಿ. ಮಾರಾಕಲ್ರಿ... ಇಟಗೊಳ್ಳಾಕ.” ಅಟ್ಟದ ಮೇಲೆ, ಆ ಬೀಗ ಬಂದ ಖಾಲಿ ರಟ್ಟಿನ ಪೆಟ್ಟಿಗೆಯಲ್ಲೇ ಕರಡಿಗೆ ಸಿಕ್ಕಿತು.

ಸಾವಕಾರರು ಅದನ್ನು ಕಣ್ಣಿಗೊತ್ತಿಕೊಂಡು, “ನಿನ್ನ ಕೇಳಬೇಕಿತ್ತು, ಅದು ನನ್ನ ತಪ್ಪು. ಆಕಿ ಮ್ಯಾಲೆ ಹಾಕಿದ್ದು ನಿನ್ನ ತಪ್ಪು. ಏಳು, ಮಾಫಿ ಕೇಳು” ಎಂದರು. ತಾವೂ ಹಿತ್ತಲಿಗೆ ಹೋದರು. ಚಂದಮ್ಮ ಏಳಲಿಲ್ಲ.

“ಹೊರಗ ಹಾಕಿದ್ದು ಮುಂಬಾಗಿಲಿಂದ್ರಿ ಸಾವಕಾರ್ರ. ಹಿತ್ತಲದಾಗ ಮಾಫಿ ನಡ್ಯಂಗಿಲ್ಲ.”

ಆ ಸಂಜೆ ಓಣಿಯೆಲ್ಲ ನೋಡುತ್ತಿರಲು ಸಾವಕಾರರು ಚಂದಮ್ಮನನ್ನು ಮುಂಬಾಗಿಲಿನಿಂದ ಒಳಗೆ ಕರೆತಂದರು. ನೋಡಲು ಕೂಡಿದವರು ಹತ್ತು ಸಾವಿರ ಜನ. ಹೋಗಲಿ, ಹತ್ತು.

ಪಂಚಶೀಲಾ ಅಷ್ಟರಲ್ಲಿ ಡಬ್ಬಿಯ ಮುಂದೆ ನಿಂತು, “ಅವ್ವಾರ, ಕೋಣಿ ಹೆಸರು ಬದಲಿ ಮಾಡ್ತೇನಿ. ಏನಿಡಲಿ?” ಎಂದು ಕೇಳಿದ್ದಳು. ಸುಮಿತ್ರಾಬಾಯಿ ಅವಳ ಕಿವಿಯಲ್ಲಿ ಏನೋ ಹೇಳಿ ಅಡುಗೆಮನೆಗೆ ಓಡಿದ್ದರು.

ಕರಡಿಗೆ ಒಳಗಿಡಲು ಸಾವಕಾರರು ಬಾಗಿಲ ಮುಂದೆ ನಿಂತರು. ಪಂಚಶೀಲಾ ಹೊಸ ಹೆಸರನ್ನು ಪಿಸುಗುಟ್ಟಿದಳು. ಅವರು ಅತ್ತಿತ್ತ ನೋಡಿದರು. ಕೆಮ್ಮಿದರು. ಮೀಸೆಯೊಳಗೇ ಏನೋ ಗೊಣಗಿದರು.

“ಕ್ಷಮಿಸಿ, ಕೇಳಿಸಲಿಲ್ಲ. ಜೋರಾಗಿ ಹೇಳಿ” ಎಂದಿತು ಡಬ್ಬಿ.

ಸಾವಕಾರರು ಕಣ್ಣು ಮುಚ್ಚಿ, ಗುಬ್ಬಿಗಳೆಲ್ಲ ಹಾರಿಹೋಗುವಂತೆ ಕೂಗಿದರು:

“ಸುಮಿತ್ರಾಬಾಯಿ!”

ಬಾಗಿಲು ಇನ್ನೂ ಪೂರ್ತಿ ಮಾತಿಗೆ ಕಾಯುತ್ತಿತ್ತು. ಅಡುಗೆಮನೆಯಿಂದ ಮಾತ್ರ, ನಲವತ್ತೆರಡು ವರ್ಷದ ಮೇಲೆ, ಉತ್ತರ ಬಂತು.

“ಓ... ಬಂದೆ ಇರ್ರಿ!”