ಟಗರಿನ ಕಿವಿಗುರುತು

ಎರಡು ಸಾವಿರದ ಐವತ್ತೆಂಟನೆಯ ಇಸವಿ. ಹಾವೇರಿ ಸೀಮೆಯ ಒಂದು ಆಸ್ಪತ್ರೆಯಲ್ಲಿ ಕುರಿಗಾರ ಮಾಳಪ್ಪ ಆಪರೇಷನ್ ಮೇಜಿನ ಮೇಲೆ ಮಲಗಿದ್ದ. ಅವನಿಗೆ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆ ಒಂದೆಡೆ ಸಡಿಲಾಗಿ ಒಳಗಿನ ಕರುಳು ಉಬ್ಬಿ ಬಂದಿತ್ತು. ಸರ್ಜನ್ ಆ ಜಾಗಕ್ಕೆ ವೀಳ್ಯದೆಲೆಯಷ್ಟು ತೆಳುವಾದ ಬಿಳಿ ಹಾಳೆಯೊಂದನ್ನು ಹೊಲಿದರು. ಅದರ ಹೆಸರು ಹಂದರ. ಟಗರಿನ ಹೊಟ್ಟೆಯ ಒಳಪದರವನ್ನು ತೊಳೆದು, ಜೀವಕೋಶಗಳನ್ನೆಲ್ಲ ತೆಗೆದು, ಬರಿಯ ನಾರಿನ ಚೌಕಟ್ಟು ಉಳಿಸಿಕೊಂಡ, ವರ್ಷಗಟ್ಟಲೆ ಇಟ್ಟರೂ ಕೆಡದ ಹಾಳೆ. ಬಳ್ಳಿ ಹಬ್ಬಿದ ಹಾಗೆ ರೋಗಿಯ ಸ್ವಂತ ಮಾಂಸ ಅದಕ್ಕೆ ಹಬ್ಬುತ್ತದೆ. ನಲವತ್ತು ದಿನ ಕಳೆದರೆ ಹಾಳೆ ಯಾವುದು, ಮನುಷ್ಯ ಯಾವುದು ಎಂದು ಸೂಕ್ಷ್ಮದರ್ಶಕಕ್ಕೂ ತಿಳಿಯದು. ಮೂಟೆ ಹೊರುವ ಹಮಾಲರು ಎರಡೇ ತಿಂಗಳಲ್ಲಿ ಕೆಲಸಕ್ಕೆ ಮರಳುತ್ತಿದ್ದರು. ಅದನ್ನು ಕಂಡುಹಿಡಿದ ಡಾಕ್ಟರ್ ಕಸ್ತೂರಿ ಹೆಬಸೂರಳನ್ನು ಜನ ಬಾಯ್ತುಂಬ ಹರಸುತ್ತಿದ್ದರು. ಹರಸಲಿ ಬಿಡಿ, ಹರಸಿದವರಿಗೇನು ಗೊತ್ತು.

ಮಾಳಪ್ಪನಿಗೆ ಕಸ್ತೂರಿ ಹೊಸಬಳಲ್ಲ. ಆರು ವರ್ಷದ ಹಿಂದೆ ಅವನ ಹಟ್ಟಿಗೆ ಬಂದು, ಮೂರು ದಿನ ಇದ್ದು, ರೊಟ್ಟಿ ತಿಂದು, ಮಾವಾ ಎಂದು ಕರೆದು, ಅವನ ಕರಿ ಟಗರನ್ನು ಕೇಳಿದ್ದಳು. ಅದರ ಹೊಟ್ಟೆಯ ಪದರ ಸೀಮೆಗೆಲ್ಲ ಗಟ್ಟಿ ಎಂದು ಅವಳ ಯಂತ್ರ ಹೇಳಿತ್ತಂತೆ. ಮಾಳಪ್ಪ ಕುರಿ ಮಾರುವವನೇ, ಕೊಯ್ಯುವವನೇ. ಆದರೆ ಈ ಟಗರನ್ನು, ಬದುಕಿರುವ ತನಕ ಹಿಂಡಿನ ಮುಂದೆ ನಡೆಯಲಿ ಎಂದು ಕುಲದೇವರು ಬೀರಪ್ಪನ ಹೆಸರಿನಲ್ಲಿ ಬಿಟ್ಟಿದ್ದ. ಅದರ ಮೇಲೆ ಕತ್ತಿ ಬೀಳುವಂತಿಲ್ಲ. ಕೊಳವೆ ಇಳಿಸಿ ಉಗುರಿನಷ್ಟು ಪದರ ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತೇನೆ, ಟಗರನ್ನು ಜೀವಂತ ತಂದುಬಿಡುತ್ತೇನೆ ಎಂದು ಕಸ್ತೂರಿ ಹಾಸಿದ ಕಂಬಳಿ ಮುಟ್ಟಿ ಮಾತು ಕೊಟ್ಟಳು. ಕಂಬಳಿ ಮುಟ್ಟಿದ ಮೇಲೆ ಆ ಜನ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಯುಗಾದಿಯ ದಿನ ಟಗರು ವ್ಯಾನು ಹತ್ತಿತು.

ತಿಂಗಳಾದ ಮೇಲೆ ಬಂದದ್ದು ಮೊಹರು ಮಾಡಿದ ಪೆಟ್ಟಿಗೆ. ಟಗರು ಮೊನ್ನೆ ಜ್ವರ ಬಂದು ಸತ್ತಿತು, ರೋಗ ಹರಡೀತು, ತೆರೆಯಬೇಡಿ ಎಂದು ಜೊತೆಗೆ ಬಂದ ಕಸ್ತೂರಿ ಕಣ್ಣೀರು ಹಾಕಿದಳು. ಮಾಳಪ್ಪ ಅವಳಿಗೇ ಸಮಾಧಾನ ಹೇಳಿದ. ಪೆಟ್ಟಿಗೆ ಹೂತು, ಮೇಲೊಂದು ಕಲ್ಲಿಟ್ಟು, ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆಯುತ್ತ ಬಂದ.

ಆಪರೇಷನ್ನಾಗಿ ನಲವತ್ತೈದನೆಯ ದಿನ ತಪಾಸಣೆಗೆ ಹೋದಾಗ ನರ್ಸು ಅವನಿಗೊಂದು ಕಾರ್ಡು ಕೊಟ್ಟಳು. ಯಾವ ಹಾಳೆ ಯಾವ ಪ್ರಾಣಿಯದು ಎಂದು ರೋಗಿಗೆ ತಿಳಿಸುವುದು ಕಸ್ತೂರಿಯ ಸಂಸ್ಥೆಯ ಹೆಮ್ಮೆಯ ನಿಯಮ. ಗುರುತಿಗೆಂದು ಟಗರಿನ ಎರಡೂ ಕಿವಿಗಳ ಫೋಟೋ ಅಚ್ಚಾಗಿತ್ತು. ಮಾಳಪ್ಪನಿಗೆ ಅಕ್ಷರ ಬರದು, ಕಿವಿ ಓದಲು ಬರುತ್ತದೆ. ಹಿಂಡು ಬೆರೆತರೆ ಗೊತ್ತಾಗಲೆಂದು ಅವನ ಮನೆತನದವರು ಎಡಗಿವಿಗೆ ಎರಡು ಕಚ್ಚು ಹಾಕುತ್ತಾರೆ. ಬಲಗಿವಿಗೆ ಅರ್ಧಚಂದ್ರ ಕೊಯ್ದದ್ದು ಬೀರಪ್ಪನ ಟಗರಿಗೆ ಮಾತ್ರ, ಅದೂ ಅವನದೇ ಕೈಯಿಂದ. ಕೆಳಗಿದ್ದುದನ್ನು ನರ್ಸಿನಿಂದ ಓದಿಸಿದ. ಕೊಯ್ದ ದಿನಾಂಕ, ಟಗರು ವ್ಯಾನು ಹತ್ತಿದ ಯುಗಾದಿಯ ಮರುದಿನ.

ಅಲ್ಲಿಂದ ನೇರ ಸಂಸ್ಥೆಗೆ, ಕಸ್ತೂರಿಯ ಕೋಣೆಗೆ ಹೋಗಿ ಕಾರ್ಡನ್ನು ಮೇಜಿನ ಮೇಲಿಟ್ಟ. ಅವಳು ಇಲ್ಲ ಎನ್ನಲಿಲ್ಲ. ಬೆಳೆಸಿದ ಪದರಕ್ಕೆ ಬಲವಿಲ್ಲವೆಂದು ಮಾತು ಕೊಡುವಾಗಲೇ ಅವಳಿಗೆ ಗೊತ್ತಿತ್ತು. ಆ ಒಂದು ಟಗರಿನಿಂದ ಅರವತ್ತು ಜನರ ಹೊಟ್ಟೆ ಗಟ್ಟಿಯಾಯಿತು, ನಿನ್ನದೂ ಸೇರಿ ಎಂದಳು.

"ಕೇಳಿದ್ರ ನೀ ಕೊಡ್ತಿದ್ದಿಲ್ಲ, ಮಾವಾ."

"ಕೊಡ್ತಿದ್ದಿಲ್ಲ. ಅದಕ್ಕ ಕೇಳಬೇಕಾಗಿತ್ತು." ಮಾಳಪ್ಪ ಕಾರ್ಡನ್ನು ಅವಳ ಕಡೆ ಸರಿಸಿದ. "ಪೆಟಗಿಯೊಳಗ ಏನಿತ್ತವ್ವಾ?"

"ಉಸುಕು" ಎಂದಳು ಕಸ್ತೂರಿ.

ಆರು ವರ್ಷ ಉಸುಕಿಗೆ, ಬರಿಯ ಮರಳಿಗೆ, ಕಾಯಿ ಒಡೆದಿದ್ದ. ಹಾಳೆಯನ್ನು ತೆಗೆದುಬಿಡು, ಹಟ್ಟಿಗೆ ಒಯ್ದು ಮಣ್ಣು ಮಾಡುತ್ತೇನೆ ಎಂದು ಬೇಡಿಕೊಂಡ. ಆಗದು, ನಲವತ್ತು ದಿನ ದಾಟಿದೆ, ಈಗ ಅದು ನಿನ್ನ ಮೈಯೇ ಎಂದಳು ಕಸ್ತೂರಿ.

"ಹಂಗಾರ ನೀ ಕೊಯ್ದದ್ದು ನನ್ನ. ಕಂಬಳಿ ಮುಟ್ಟಿ ಕೊಯ್ದಿ."

ಅವನು ದೂರು ಕೊಡಲಿಲ್ಲ. ಹಟ್ಟಿಯಲ್ಲಿ ನಡೆದದ್ದನ್ನು ಹೇಳಿದ, ಅಷ್ಟೇ. ಆಮೇಲೆ ಆ ಸೀಮೆಯ ಯಾವ ಕುರಿಗಾರನೂ ಸಂಸ್ಥೆಗೆ ಟಗರು ಕೊಡಲಿಲ್ಲ. ಎರಡು ವರ್ಷದಲ್ಲಿ ಹಂದರ ನಿಂತುಹೋಯಿತು. ಆಸ್ಪತ್ರೆಗಳು ಹಳೆಯ ಪ್ಲಾಸ್ಟಿಕ್ ಬಲೆಗೆ ಮರಳಿದವು. ಇವತ್ತು ನಮ್ಮ ನಿಮ್ಮ ಹೊಟ್ಟೆಗೆ ಹೊಲಿಯುತ್ತಾರಲ್ಲ, ಅಂಥದೇ ಬಲೆ. ಮುಂದೆ ಬಂದ ಹಮಾಲರಲ್ಲಿ ಕೆಲವರಿಗೆ ಅದು ಮೂಟೆ ಎತ್ತುವಾಗ ಚುಚ್ಚುತ್ತಿತ್ತು. ಅವರು ಯಾರ ಕಂಬಳಿಯನ್ನೂ ಮುಟ್ಟಿದವರಲ್ಲ.

ಮಾಳಪ್ಪನ ಹೊಟ್ಟೆ ಗಟ್ಟಿಯಾಗಿಯೇ ಉಳಿಯಿತು. ಅಮಾವಾಸ್ಯೆಗೆ ಅವನು ಕಲ್ಲಿನ ಹತ್ತಿರ ಹೋಗುವುದನ್ನು ಬಿಟ್ಟ. ಹಟ್ಟಿಯಲ್ಲೇ ಕೂತು, ಅಂಗಿ ಎತ್ತಿ, ಗಾಯದ ಗೆರೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿಕೊಳ್ಳುತ್ತಿದ್ದ.